ಆಪತ್ತಿನ ನೀರು

ಸಾಂತಾ ರೀಟಾ ದೆಲ್ ಅರೆನಾಲ್
ಮಂಗಳವಾರ, 14 ನವೆಂಬರ್ 2006

ಆಸ್ಪತ್ರೆಯ ಮಾನ್ಯ ನಿರ್ದೇಶಕರೂ, ಕಾನೂನಿನ ಪ್ರಕಾರ ಇನ್ನೂ ನನ್ನ ಗಂಡನೂ ಆಗಿರುವ ಡಾಕ್ಟರ್ ಲಿಯೋನ್ಸಿಯೊ ಅರ್ರೆಸೆ ಅವರಿಗೆ, ಕೆಳಗಿನ ಮಹಡಿಯಿಂದ ಒತೀಲಿಯಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ತೊಂದರೆ ತಪ್ಪಿತು, ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಫೋಟೋ ನೋಡಿದೆ. ಕೆನ್ನೆ ತುಂಬಿಕೊಂಡಿದೆ, ಕೂದಲಿಗೆ ಹೊಸದಾಗಿ ಕಪ್ಪು ಬಿದ್ದಿದೆ, ಮುಖಕ್ಕೆ ದುಃಖವನ್ನು ಎಷ್ಟು ಬೇಕೋ ಅಷ್ಟೇ ಬಳಿದುಕೊಂಡಿದ್ದೀರಿ. ಒಂಬತ್ತು ಹಸುಗೂಸುಗಳು ಸತ್ತ ವಾರ್ಡಿನ ಹಿರಿಯ ಡಾಕ್ಟರು ಫೋಟೋದಲ್ಲಿ ಹೇಗೆ ಕಾಣಬೇಕೋ ಹಾಗೇ ಕಂಡಿರಿ. ನಮ್ಮ ಅಡುಗೆಮನೆಯ ಹೆಂಗಸರು ಆ ಪುಟದಲ್ಲೇ ಮೀನು ಸುತ್ತಿ ತಂದಿದ್ದರು, ಅದಕ್ಕೇ ನನ್ನ ಕಣ್ಣಿಗೆ ಬಿತ್ತು.

ನಾನು ಮನೆ ಬಿಟ್ಟು ಮೂರು ವರ್ಷವಾದರೂ ನಾವಿಬ್ಬರೂ ಒಂದೇ ಕಟ್ಟಡದಲ್ಲಿದ್ದೇವೆ. ನೀವು ಮೇಲೆ, ನವಜಾತ ಶಿಶುಗಳ ಗಾಜಿನ ಕೋಣೆಯಲ್ಲಿ. ನಾನು ಕೆಳಗೆ, ಅಡುಗೆಮನೆಯ ಹಿಂದಿನ ಪ್ರಯೋಗಾಲಯದಲ್ಲಿ. ನಮ್ಮ ನಡುವೆ ಓಡಾಡುವುದು ರಕ್ತದ ಕೊಳವೆಗಳು ಮಾತ್ರ. ಫೋನ್ ಮಾಡಿದರೆ ನನ್ನ ದನಿ ಕೇಳಿದ್ದೇ ತಡ, ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹರಿದು ಬಿಸಾಡಬಹುದು, ಆದರೆ ಒಳಗೆ ಏನು ಬರೆದಿದ್ದಾಳೋ ಎಂದು ನೋಡದೆ ಹರಿಯುವ ಎದೆಗಾರಿಕೆ ನಿಮಗಿಲ್ಲ, ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತು. ಅಂದಹಾಗೆ ಈ ಬಹುವಚನವೂ ಇಲ್ಲಿಗೆ ಸಾಕು, ಬರೆಯುವಾಗ ಕೈ ನೋಯುತ್ತಿದೆ. ಇನ್ನು ಮುಂದೆ ನೀನು ಬರೀ ನೀನು.

ಪತ್ರಿಕೆಯವನಿಗೆ ನೀನು ಕೊಟ್ಟ ಕಾರಣಗಳನ್ನು ಎರಡು ಸಲ ಓದಿದೆ. “ಹಳ್ಳಿಯಿಂದ ತಡವಾಗಿ ಬರ್ತಾರೆ, ಸ್ವಾಮಿ. ತಾಯಂದಿರಿಗೆ ತಿಳಿವಳಿಕೆ ಇಲ್ಲ. ಕೈಯಲ್ಲಿ ಹಿಡಿದ್ರೆ ಹಿಡಿತಕ್ಕೇ ಸಿಗದಂಥ ಮಕ್ಕಳು. ನಾವೇನು ದೇವ್ರಾ?” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಡೊಂಕೇ ಇದೆ, ಲಿಯೋನ್ಸಿಯೊ, ನಾನು ಇಲ್ಲ ಅನ್ನುವುದಿಲ್ಲ. ದಿನ ತುಂಬದೆ ಹುಟ್ಟಿದವು ಸಾಯುತ್ತವೆ. ಶ್ವಾಸಕೋಶ ಬಲಿಯದವು ಸಾಯುತ್ತವೆ. ಹುಟ್ಟುವಾಗಲೇ ಉಸಿರು ಕಟ್ಟಿದವು, ಹೃದಯದಲ್ಲಿ ತೂತಿರುವವು ಸಾಯುತ್ತವೆ. ಇಂಥ ಮಕ್ಕಳ ರಕ್ತವನ್ನು ಹದಿನೆಂಟು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಆ ಸಾವುಗಳಿಗಾಗಿ ನಿನ್ನನ್ನು ಬೈಯಲು ನಾನು ಹುಚ್ಚಿಯಲ್ಲ. ಆದರೆ ಈ ಒಂಬತ್ತು ಮಕ್ಕಳ ರಕ್ತದಲ್ಲೂ ಒಂದೇ ಕೀಟಾಣು ಇತ್ತು. ನಿಂತ ನೀರಿನಲ್ಲಿ ಬೆಳೆಯುವಂಥದು, ತಟ್ಟೆಯ ಮೇಲೆ ಹಸಿರಾಗಿ ಹರಡಿ ಕೊಳೆತ ದ್ರಾಕ್ಷಿಯ ಹಾಗೆ ಸಿಹಿಯಾಗಿ ನಾರುವಂಥದು. ಒಂಬತ್ತು ಸಲವೂ ನಿನಗೆ ತಿಳಿಸಿದೆ, ಒಂಬತ್ತು ಸಲವೂ ನೀನು ಸಾವಿನ ಕಾರಣ ‘ಕಡಿಮೆ ತೂಕ’ ಎಂದೇ ಬರೆದೆ. ಅದರಲ್ಲಿ ಒಂದು ಮಗು, ಇಂಗಾ ಮನೆಯದು, ದುಂಡುದುಂಡಗಿತ್ತು, ಕಾಮಾಲೆಗೆಂದು ದೀಪದ ಕೆಳಗೆ ಮಲಗಿಸಲು ತಂದಿದ್ದರು, ಅಷ್ಟೆ. ಅದಕ್ಕೂ ಕಡಿಮೆ ತೂಕ. ಬರೆಯುವಾಗ ನಿನಗೆ ನಗು ಬರಲಿಲ್ಲವೇ?

ತಾಯಂದಿರನ್ನು ನೀನು ಬೈದದ್ದು ಇದೇ ಮೊದಲಲ್ಲ, ಹಿಂದೆ ಬೈದಾಗಲೂ ಊರು ಸುಮ್ಮನಾಗಲಿಲ್ಲ. ಅವರು ಗೇಟಿನಲ್ಲಿ ಕೂತರು. ರಾಜಧಾನಿ ಲೀಮಾದಿಂದ ತನಿಖಾ ಸಮಿತಿ ಬರುತ್ತದೆ ಎಂದು ಗೊತ್ತಾಯಿತು. ಆಗ ನಿನಗೆ ನೆಲಿದಾ ಯಾರ್ಲೆಕೆ ನೆನಪಾದಳು. ಹತ್ತು ವರ್ಷದಿಂದ ಆ ಕೋಣೆಯಲ್ಲಿ ನರ್ಸ್ ಆಗಿರುವವಳು, ಗಂಡನಿಲ್ಲದವಳು, ಯೂನಿಯನ್ನಿಗೆ ಸೇರದವಳು, ದನಿಯೆತ್ತಿ ಮಾತಾಡಲು ಬಾರದವಳು. ಆರಿಸುವುದರಲ್ಲಿ ನಿನ್ನ ಕಣ್ಣು ಯಾವತ್ತೂ ಚುರುಕು. “ಕೈ ತೊಳೀದೆ ಮಕ್ಕಳನ್ನ ಮುಟ್ಟಿದಾಳೆ” ಎಂದು ಶುಕ್ರವಾರ ಅವಳನ್ನು ಕೆಲಸದಿಂದ ನಿಲ್ಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಗೇಟು ದಾಟುವಾಗ ಒಬ್ಬ ತಂದೆ ಅವಳ ಮುಖಕ್ಕೆ ಉಗಿದ. ಅವಳು ಒರೆಸಿಕೊಳ್ಳಲೂ ಇಲ್ಲ. ನಾನು ಕಿಟಕಿಯಿಂದ ನೋಡಿದೆ. ಆ ತಂದೆಯ ಮೇಲೆ ನನಗೆ ಕೋಪವಿಲ್ಲ, ಮಗು ಕಳೆದುಕೊಂಡವನು, ನೀನು ತೋರಿಸಿದ ಕಡೆ ಉಗಿದ. ನಾಡಿದ್ದು ಗುರುವಾರ ಸಮಿತಿ ಕೂತು ‘ಹೌದು’ ಅಂದುಬಿಟ್ಟರೆ ಸರ್ಕಾರಿ ವಕೀಲ ಅವಳನ್ನು ಒಳಗೆ ಹಾಕುತ್ತಾನೆ. ಅವಳಿಗೊಬ್ಬಳು ಮಗಳಿದ್ದಾಳೆ. ಶಾಲೆಯಲ್ಲಿ ಆ ಹುಡುಗಿಯ ಪಕ್ಕ ಈಗ ಯಾರೂ ಕೂರುವುದಿಲ್ಲವಂತೆ.

ಅವಳ ಕೈ ನಾನು ಪರೀಕ್ಷಿಸಿದ್ದೆ. ನಿನಗೆ ಅದೂ ಗೊತ್ತು. ನಲ್ಲಿ, ತೊಟ್ಟಿ, ಸೋಪು, ಹಾಲಿನ ಬಾಟಲಿ, ಇನ್‌ಕ್ಯುಬೇಟರಿನೊಳಗಿನ ನೀರು, ಎಲ್ಲರ ಕೈ, ಯಾವುದನ್ನೂ ಬಿಡಲಿಲ್ಲ. ನೆಲಿದಾಳ ಕೈಯಲ್ಲಿ ಏನೂ ಬೆಳೆಯಲಿಲ್ಲ, ಉಜ್ಜಿ ಉಜ್ಜಿ ಚರ್ಮ ಬಿರಿದಿದೆ ಪಾಪ. ನಿನ್ನ ಕೈಯಲ್ಲಿ ಬೆಳೆಯಿತು. ಮದುವೆಯ ಉಂಗುರ ತೆಗೆಯದೆ ಕೈ ತೊಳೆಯುತ್ತೀಯಲ್ಲ, ಅದರ ಕೆಳಗೆ ಒಂದು ಸಂತೆಯೇ ನೆರೆದಿತ್ತು. ಬಿಟ್ಟುಹೋದ ಹೆಂಡತಿಯ ಉಂಗುರವನ್ನು ಬಿಷಪ್ಪರ ಕಣ್ಣಿಗೆ ಕಾಣಲಿ ಎಂದು ತೊಟ್ಟುಕೊಂಡಿರುವ ನಿನ್ನ ಭಕ್ತಿಗೆ ಏನೆನ್ನಲಿ! ಆದರೆ ನಾನು ಹುಡುಕುತ್ತಿದ್ದ ಕೀಟಾಣು ಅಲ್ಲೂ ಇರಲಿಲ್ಲ. ಸ್ವಲ್ಪ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ದಾರಿ ತೋರಿಸಿದ್ದು ಸತ್ತ ಮಕ್ಕಳಲ್ಲ, ಬದುಕಿದ ಮಗು. ಫ್ಲೋರ್ ಚಿರೋಕೆಯ ಹೆಣ್ಣುಕೂಸು. ಸಕ್ಕರೆ ಪೊಟ್ಟಣಕ್ಕಿಂತ ಹಗುರ. ಹುಟ್ಟಿದ ದಿನವೇ ನೀನು ಕೈಬಿಟ್ಟಿದ್ದ ಮಗು ಅದು. ಅದರ ಎಡಗಡೆಯದೂ ಸತ್ತಿತು, ಬಲಗಡೆಯದೂ ಸತ್ತಿತು, ಅದು ಮಾತ್ರ ಕಾಲು ಒದೆಯುತ್ತಾ ಉಳಿಯಿತು. ಅದೇ ನರ್ಸು, ಅದೇ ಹಾಲು, ಅದೇ ಗಾಳಿ. ನಾನು ಫ್ಲೋರ್‌ಳನ್ನು ಕೆಳಗೆ ಕರೆಸಿ, “ನೀನು ಏನು ಬೇರೆ ಮಾಡಿದೆ?” ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನಗೆ ಇಂಥ ಮಾತು ಕೇಳಿ ಅಭ್ಯಾಸ ತಪ್ಪಿದೆ.

“ನಾನೇನೂ ಮಾಡ್ಲಿಲ್ಲ ಡಾಕ್ಟ್ರಮ್ಮ. ದೊಡ್ಡ ಡಾಕ್ಟ್ರ ತಾಯಿ, ದೊಡ್ಡಮ್ಮೋರು, ನೀರು ಹಾಕಕ್ಕೆ ಬಂದ್ರು. ನಾವು ಹಲ್ಲೆಲೂಯದೋರು ಅಮ್ಮಾ, ನಮ್ಮಲ್ಲಿ ಕೂಸಿಗೆಲ್ಲ ನೀರು ಹಾಕಲ್ಲ, ದೊಡ್ಡೋಳಾದ್ಮೇಲೆ ಅವಳೇ ಹೊಳೇಲಿ ಮುಳುಗ್ತಾಳೆ ಅಂದೆ. ‘ಹಂಗಾದ್ರೆ ನಿನ್ನ ಮಗು ಸ್ವರ್ಗಕ್ಕೆ ಹೋಗಲ್ಲ ಕಣೇ’ ಅಂದ್ರು. ಸ್ವರ್ಗ ಆಮೇಲೆ ನೋಡ್ಕೊಳ್ಳಣ, ಮೊದ್ಲು ಮನೇಗ್ ಬರ್ಲಿ ಅಂದೆ. ತಪ್ಪಾಯ್ತಾ?”

ತಪ್ಪಾಗಲಿಲ್ಲ ಅಂದೆ. ಅವಳು ಹೋದ ಮೇಲೆ ನಾನು ಪರೀಕ್ಷಿಸಿದ್ದರ ಪಟ್ಟಿ ತೆಗೆದು ನೋಡಿದೆ, ಆ ನೀರೊಂದು ಅದರಲ್ಲಿರಲಿಲ್ಲ.

ನೀರು ಹಾಕುವುದನ್ನು ನಾನು ಆಡಿಕೊಳ್ಳುವವಳಲ್ಲ. ನನ್ನಜ್ಜಿಯೂ ಹಾಕುತ್ತಿದ್ದಳು. ಪಾದ್ರಿ ಬರುವಷ್ಟರಲ್ಲಿ ಜೀವ ಹೋಗುತ್ತದೆ ಅನ್ನಿಸಿದ ಕೂಸಿಗೆ, ಯಾರು ಹತ್ತಿರವಿದ್ದಾರೋ ಅವರೇ ಹಣೆಗೆ ನೀರು ಬಿಟ್ಟು ಒಂದು ಹೆಸರಿಡುವುದು. ಆಪತ್ತಿನ ನೀರು, ಪಾದ್ರಿಯಿಲ್ಲದ ಜ್ಞಾನಸ್ನಾನ. ಹೆಸರಿಲ್ಲದೆ ಮಗುವನ್ನು ಮಣ್ಣಿಗೆ ಕೊಡಬಾರದು ಎಂಬ ತಾಯಿಯ ಕರುಳಿನ ಮಾತು ಅದು. ಗಾಜಿನ ಕೋಣೆಯಲ್ಲೂ ನೆಲಿದಾ ಅದನ್ನು ಎಷ್ಟೋ ವರ್ಷ ಮಾಡಿದ್ದಾಳೆ. ಕುದಿಸಿ ಆರಿಸಿದ ನೀರು, ಒಂದು ಲೋಟ, ಒಂದು ಮಗು. ಮುಗಿದ ಮೇಲೆ ಗಿಡದ ಬುಡಕ್ಕೆ ಚೆಲ್ಲಿಬಿಡುತ್ತಿದ್ದಳು. ಯಾವ ಮಗುವಿಗೂ ಅದರಿಂದ ಕೇಡಾಗಲಿಲ್ಲ.

ಆಮೇಲೆ ನಿನ್ನ ತಾಯಿ ಬಂದಳು. ದೋನ್ಯಾ ಸೊರೈದಾ, ಆಸ್ಪತ್ರೆಯ ಮಹಿಳಾ ಸಮಿತಿಯ ಅಧ್ಯಕ್ಷೆ, ಈಸ್ಟರ್ ಹಬ್ಬದ ದಿನ ಬಿಷಪ್ಪರ ಕೈಯಿಂದ ಮಂತ್ರಿಸಿಕೊಂಡು ತಂದ ನೀರಿನ ಸೀಸೆಯ ಜೊತೆ. ಪ್ಲಾಸ್ಟಿಕ್ಕಿನ ಮರಿಯಾ ಮಾತೆಯ ಆಕಾರದ್ದು, ತಲೆಯ ನೀಲಿ ಕಿರೀಟವೇ ಮುಚ್ಚಳ. ಸಾಯುವ ಮಕ್ಕಳಿಗೆ ಮಾತ್ರ ಯಾಕೆ, ಒಳಗೆ ಬಂದ ಎಲ್ಲ ಮಕ್ಕಳಿಗೂ ಬಂದ ದಿನವೇ ನೀರು ಬೀಳಲಿ, ತಾನೇ ಎಲ್ಲರಿಗೂ ನೀರಿನ ತಾಯಿಯಾಗುತ್ತೇನೆ ಅಂದಳು. ನೀನು ಒಪ್ಪಿದೆ. ಒಪ್ಪುವಾಗ ಫೋಟೋ ತೆಗೆಸಿದೆ. ಅವತ್ತಿನಿಂದ ಆ ಸೀಸೆ ಒಂದು ದಿನವೂ ಖಾಲಿಯಾಗಿಲ್ಲ, ಒಂದು ದಿನವೂ ತೊಳೆದಿಲ್ಲ. ಅರ್ಧಕ್ಕಿಳಿದರೆ ಮನೆಯ ಕೊಡದಿಂದ ತುಂಬಿಸುವುದು. “ಹಳೇ ನೀರಿಗೆ ಸೇರಿದ್ರೆ ಹೊಸ ನೀರೂ ಪವಿತ್ರ ಆಗುತ್ತೆ, ಬಿಷಪ್ಪೇ ಹೇಳಿದಾರೆ” ಅನ್ನುತ್ತಾಳೆ. ಪವಿತ್ರವಾಗುತ್ತದೋ ಇಲ್ಲವೋ ನನಗೆ ತಿಳಿಯದು. ನಮ್ಮ ಊರಿನ ಬಿಸಿಲಲ್ಲಿ, ಅವಳ ಮನೆ ಕಿಟಕಿಯ ಕಟ್ಟೆಯ ಮೇಲೆ, ತಿಂಗಳುಗಟ್ಟಲೆ ನಿಂತ ನೀರು ಏನಾಗುತ್ತದೆ ಎಂಬುದು ಮಾತ್ರ ತಿಳಿದಿದೆ. ನಿನಗೂ ತಿಳಿದಿದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀಯ.

ನಿನ್ನ ವಾರ್ಡಿನ ಮಕ್ಕಳಿಗೆ ಡ್ರಿಪ್ ಹಾಕುವುದು ನೆತ್ತಿಯ ನರಕ್ಕೆ, ಕೈಯ ನರ ಸಿಗುವುದಿಲ್ಲವೆಂದು. ಅದೇ ನೆತ್ತಿಯ ಮೇಲೆ ಆ ನೀರು ಸುರಿದು, ಸೂಜಿಯ ಸುತ್ತಲಿನ ಹತ್ತಿ ತೋಯ್ದು, ಹಾಗೇ ಒದ್ದೆಯಾಗಿ ಉಳಿಯುತ್ತಿತ್ತು. ಸಾಲದೆಂದು ಆ ನೀರಲ್ಲೇ ಅದ್ದಿದ ಉಪ್ಪಿನ ಹರಳು ನಾಲಿಗೆಗೆ. ಹತ್ತಿ ಬದಲಾಯಿಸಲು ನೆಲಿದಾ ಹೋದರೆ “ಆಶೀರ್ವಾದ ಒರೆಸ್ತೀಯೇನೇ?” ಎಂದು ನಿನ್ನ ತಾಯಿ ಗದರುತ್ತಿದ್ದಳಂತೆ. ನೀನು ಪಕ್ಕದಲ್ಲೇ ನಿಂತು ನಗುತ್ತಿದ್ದೆಯಂತೆ. ಇದನ್ನು ಹೇಳಿದ್ದು ನೆಲಿದಾ ಅಲ್ಲ, ಅವಳು ನಿನ್ನ ಮೇಲೆ ಇಷ್ಟಾದರೂ ಒಂದು ಮಾತು ಆಡಿಲ್ಲ. ಇಂಗಾ ಮನೆಯ ಅಜ್ಜಿ ಹೇಳಿದಳು.

ಹೆಸರಿನ ವಿಷಯಕ್ಕೆ ಬರೋಣ. ನೀರಿನ ತಾಯಿಗೆ ಹೆಸರಿಡುವ ಹಕ್ಕಿದೆ, ಒಪ್ಪಿದೆ. ಗಂಡಾದರೆ ಲಿಯೋನ್ಸಿಯೊ, ಹೆಣ್ಣಾದರೆ ಲಿಯೋನ್ಸಿಯಾ, ಅವಳಿಗೆ ಮೂರನೆಯ ಹೆಸರು ಹೊಳೆಯಲೇ ಇಲ್ಲ. ಮಗನ ಹೆಸರು ಊರ ತುಂಬ ಓಡಾಡಲಿ ಎಂಬ ಆಸೆ. ಸತ್ತವರ ಹಬ್ಬದ ದಿನ ನಾನು ಅಪ್ಪನ ಸಮಾಧಿಗೆ ಹೂ ಇಡಲು ಹೋಗಿದ್ದೆ. ಗೋಡೆಯ ಪಕ್ಕ ಹೊಸ ಸಾಲು. ಮರಳಿನಲ್ಲಿ ಮೊಣಕಾಲೆತ್ತರದ ಬಿಳಿ ಶಿಲುಬೆಗಳು. ಲಿಯೋನ್ಸಿಯೊ ಇಂಗಾ. ಲಿಯೋನ್ಸಿಯೊ ಸಿಲ್ವಾ. ಲಿಯೋನ್ಸಿಯಾ ಪುಲಾಚೆ. ಮುಂದೆ ಓದಲಾಗದೆ ತಿರುಗಿ ಬಂದೆ. ನೀನು ಹೋಗಿ ನೋಡು. ನಿನಗೆ ನಿನ್ನ ಹೆಸರನ್ನು ಕಲ್ಲಿನ ಮೇಲೆ ನೋಡುವ ಆಸೆ ಮೊದಲಿನಿಂದಲೂ ಇತ್ತಲ್ಲ, ಕಲ್ಲಲ್ಲದಿದ್ದರೂ ಮರದ ಮೇಲೆ ಬರೆದಿದ್ದಾರೆ.

ನೀರನ್ನು ನಾನು ಹೇಗೆ ಪಡೆದೆ ಎಂದು ಶನಿವಾರ ನೀನು ಕೇಳಿದೆ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಹೋದ ಗುರುವಾರ, ನೋಡಲು ಬಿಡುವ ಹೊತ್ತಿನಲ್ಲಿ, ಮೇಲೆ ಬಂದೆ. ನಿನ್ನ ತಾಯಿ ಗಾಜಿನ ಬಾಗಿಲಲ್ಲಿ ಸೀಸೆ ಹಿಡಿದು ಕೂತಿದ್ದಳು, ಬಂದವರಿಗೂ ಒಂದೊಂದು ಹನಿ ಹಾಕುತ್ತಿದ್ದಳು. ನಾನು ಸಾಲಿನಲ್ಲಿ ನಿಂತೆ. ಮೂರು ವರ್ಷದಿಂದ ನನ್ನ ಮುಖ ಕಂಡರೆ ರಸ್ತೆ ದಾಟುತ್ತಿದ್ದವಳು ಅವಳು. ನಾನು ತಲೆಬಾಗಿ ಅಂಗೈಯೊಡ್ಡಿದೆ. “ಬಂದೆಯಾ ಮಗಳೇ? ಕೊನೆಗೂ ಬಂದೆಯಾ? ನಾನು ದಿನಾ ಕೇಳ್ಕೋತಿದ್ದೆ ಮರಿಯಾ ಮಾತೆಯನ್ನ, ಆ ಹಟಮಾರೀನ ಒಂದ್ಸಲ ಕಳಿಸು ಅಂತ” ಎಂದು ಎಲ್ಲರೆದುರು ಅತ್ತಳು. ಬೇರೆಯವರಿಗೆ ಒಂದು ಹನಿಯಾದರೆ ನನಗೆ ಅಂಗೈ ತುಂಬ. ಅವಳು ಅಪ್ಪಿಕೊಂಡಾಗ ನಾನು ಬೆರಳು ಬಿಗಿಹಿಡಿದು ನಿಂತಿದ್ದೆ, ಒಂದು ತೊಟ್ಟೂ ಸೋರಬಾರದೆಂದು. ಬಿಡಿಸಿಕೊಂಡು ಮೆಟ್ಟಿಲಿಳಿದು ಓಡಿದೆ. ಒಂದಿಷ್ಟನ್ನು ಕೊಳವೆಗೆ, ಒಂದಿಷ್ಟನ್ನು ತಟ್ಟೆಗೆ. ಶನಿವಾರದ ಹೊತ್ತಿಗೆ ತಟ್ಟೆ ಹಸಿರಾಗಿತ್ತು. ಮಕ್ಕಳ ರಕ್ತದಲ್ಲಿದ್ದದ್ದೇ, ಯಾವ ಔಷಧಿಗೆ ಬಗ್ಗುತ್ತದೆ ಯಾವುದಕ್ಕೆ ಬಗ್ಗುವುದಿಲ್ಲ ಎಂಬುದರವರೆಗೂ ಒಂದೇ. ನನ್ನ ಅಂಗೈಯದ್ದಿರಬಹುದು ಎನ್ನಬೇಡ, ಮೇಲೆ ಬರುವ ಮೊದಲು ಕೈ ತೊಳೆದು ಅದರ ಗುರುತನ್ನೂ ಒಂದು ತಟ್ಟೆಗೆ ಒತ್ತಿ ಬಂದಿದ್ದೆ. ಅದರಲ್ಲಿ ಏನೂ ಬೆಳೆಯಲಿಲ್ಲ.

ಒಬ್ಬ ಮುದುಕಿಯ ಸಂತೋಷವನ್ನು ಕದ್ದು ತಂದು ಪರೀಕ್ಷೆಗೆ ಹಾಕಿದೆ. ಅದು ನನಗೆ ಚೆನ್ನಾಗಿ ಅನ್ನಿಸಲಿಲ್ಲ.

ಶನಿವಾರ ಮಧ್ಯಾಹ್ನ ಆ ತಟ್ಟೆ ಹಿಡಿದು ನಿನ್ನ ಕೋಣೆಗೆ ಬಂದೆ. ನೀನು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದೆ. ನೋಡಿದೆ. ನಿನಗೆ ಅರ್ಥವಾಗಲು ಅರೆಕ್ಷಣ ಸಾಕಾಯಿತು, ನಿನ್ನ ಮುಖ ನೋಡುತ್ತಿದ್ದೆನಲ್ಲ. ಆಗ ನೀನು ಆಡುವ ಮೊದಲ ಮಾತು ಮಕ್ಕಳ ಬಗ್ಗೆ ಇರುತ್ತದೆ ಎಂದು, ನನ್ನ ದಡ್ಡತನ ನೋಡು, ನಾನು ಕಾದಿದ್ದೆ.

“ಅಮ್ಮನ ಹಾರ್ಟ್ ಸರಿ ಇಲ್ಲ ಒತೀಲಿಯಾ. ಈ ಮಾತು ಕಿವಿಗೆ ಬಿದ್ರೆ ಸತ್ತೇ ಹೋಗ್ತಾಳೆ.”

ಮತ್ತೆ ನೆಲಿದಾ, ಅಂದೆ.

“ಸ್ವಲ್ಪ ದಿನ ಆಗ್ಲಿ, ಅವಳಿಗೆ ಬೇರೆ ಊರಲ್ಲಿ ಕೆಲಸ ಕೊಡಿಸ್ತೀನಿ. ಅವಳಿಗೂ ಒಳ್ಳೇದೇ. ಸಮಿತಿ ಬಂದು ಹೋಗೋವರೆಗೂ ನೀರು ತರಬೇಡ, ಒಳಗೆ ಬಣ್ಣ ಹೊಡೀತಿದಾರೆ ಅಂತ ಅಮ್ಮನಿಗೆ ಹೇಳ್ತೀನಿ. ಮುಗೀತಲ್ಲ? ಯಾರಿಗೂ ನೋವಾಗಲ್ಲ.”

ಯಾರಿಗೂ ನೋವಾಗುವುದಿಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊಡೆತ ತಿನ್ನಲು ನೆಲಿದಾ ಇದ್ದಾಳಲ್ಲ. ಅಷ್ಟು ಹೇಳಿ, ಅದೇ ಶನಿವಾರ ಸಂಜೆ, ಎಲ್ಲ ಗೊತ್ತಾದ ಮೇಲೆ, ಪತ್ರಕರ್ತರನ್ನು ಕರೆದು ಕಾಫಿ ಕೊಟ್ಟು ತಾಯಂದಿರ ತಿಳಿವಳಿಕೆಯ ಬಗ್ಗೆ ಭಾಷಣ ಮಾಡಿದೆ. ನಿನ್ನ ತಾಯಿಯೋ, ಬಣ್ಣದ ಕೆಲಸ ಮುಗಿದ ಕೂಡಲೇ ಮುಂದಿನ ಭಾನುವಾರ ಹೊಸ ಮಕ್ಕಳಿಗೆಲ್ಲ ಒಟ್ಟಿಗೆ ನೀರು ಹಾಕುತ್ತೇನೆ ಎಂದು ಮಾರುಕಟ್ಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ. ಆಗ ಇನ್ನೊಂದು ಸುಳ್ಳು ಹೇಳುತ್ತೀಯ. ಅದಾದ ಮೇಲೆ ಇನ್ನೊಂದು. ಎಂದಾದರೂ ಒಂದು ದಿನ ಸುಳ್ಳು ಸಾಲದೆ ಬಂದು ಅವಳು ಒಳಗೆ ಹೋಗುತ್ತಾಳೆ, ಯಾಕೆಂದರೆ ಅವಳೆದುರು ‘ಬೇಡ’ ಅನ್ನುವ ಪದ ನಿನ್ನ ಬಾಯಲ್ಲಿ ಹುಟ್ಟಿಯೇ ಇಲ್ಲ. ನಾನು ಮನೆ ಬಿಟ್ಟದ್ದು ನಿನ್ನ ಹೆಂಗಸರ ಕಾರಣಕ್ಕೆ ಎಂದು ಊರು ತಿಳಿದಿದೆ. ಅವರಲ್ಲಿ ಇಬ್ಬರು ಒಳ್ಳೆಯವರೇ ಆಗಿದ್ದರು. ನಾನು ಬಿಟ್ಟದ್ದು ಈ ಬಾಯಿಯ ಕಾರಣಕ್ಕೆ.

ಸದ್ಯಕ್ಕೆ ಗಾಜಿನ ಬಾಗಿಲಲ್ಲಿ ಫ್ಲೋರ್ ಚಿರೋಕೆ ಕೂತಿದ್ದಾಳೆ, ನೀನು ಗಮನಿಸಿರಬೇಕು. ಹಾಲು ಕೊಡಲು ಕಾಯುತ್ತಿದ್ದಾಳೆ ಎಂದುಕೊಂಡಿರುತ್ತೀಯ. ಯಾವ ಸೀಸೆಯೂ ಒಳಗೆ ಹೋಗಬಾರದೆಂದು ನಾನೇ ಕೂರಿಸಿದ್ದೇನೆ. ಮೊನ್ನೆ ಪಾದ್ರಿಯ ಸೋಡಾ ಬಾಟಲಿಯನ್ನೂ ಕಿತ್ತುಕೊಂಡಳಂತೆ. ನಿನ್ನ ಆಸ್ಪತ್ರೆಯ ಕಾವಲು ಸದ್ಯಕ್ಕೆ ಅಷ್ಟು ಭದ್ರವಾಗಿದೆ.

ನಿನ್ನ ತಾಯಿಯನ್ನು ನಾನು ಇಷ್ಟಪಟ್ಟವಳಲ್ಲ. ನನ್ನ ಅಡುಗೆ ಕೆಡಲೆಂದು ಕದ್ದು ಉಪ್ಪು ಹಾಕಿದವಳು ಅವಳು, ನಾನು ಬಂಜೆ ಎಂದು ನಾಲ್ಕು ಬೀದಿಗೆ ಸಾರಿದವಳು, ಆದರೂ ಒಂದು ಮಾತು ಹೇಳಲೇಬೇಕು. ಅವಳು ನಂಬಿ ಮಾಡಿದಳು. ಆ ನೀರಿನಿಂದ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ಅವಳ ಪ್ರತಿ ಎಲುಬೂ ನಂಬಿತ್ತು. ನೀನು ನಂಬಿಕೆಯಿಲ್ಲದೆ ಮಾಡಿಸಿದೆ. ಊಟಕ್ಕೆ ಕೂತಾಗ ಪ್ರಾರ್ಥನೆಯನ್ನು ಅಣಕಿಸುತ್ತಿದ್ದವನು ನೀನು. ಬಿಷಪ್ಪರು ನಿನ್ನ ವಾರ್ಡಿಗೆ ಬರುತ್ತಾರೆ, ಶಾಸಕರಿಗೆ ಹೇಳುತ್ತಾರೆ, ನಿರ್ದೇಶಕನ ಕುರ್ಚಿ ಗಟ್ಟಿಯಾಗುತ್ತದೆ, ಅಷ್ಟಕ್ಕಾಗಿ ಸೂಜಿ ಚುಚ್ಚಿದ ನೆತ್ತಿಗಳ ಮೇಲೆ ಆ ಕೊಳಕು ನೀರು ಸುರಿಯುವುದನ್ನು ನಿಂತು ನೋಡಿದೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಲಿಯೋನ್ಸಿಯೊ. ಸಿಟ್ಟಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಸಹ್ಯವಾಗುತ್ತದೆ. ಚಪ್ಪಲಿಗೆ ಮೆತ್ತಿಕೊಂಡದ್ದನ್ನು ಕಲ್ಲಿಗೆ ಉಜ್ಜುವ ಹಾಗೆ ಈ ಕಾಗದದ ಮೇಲೆ ನಿನ್ನನ್ನು ಉಜ್ಜುತ್ತಿದ್ದೇನೆ, ಹೋಗುತ್ತಿಲ್ಲ.

ಯಾಕೆ ಹೋಗುವುದಿಲ್ಲ ಗೊತ್ತೇ? ನಾನು ಬೇರೆ ಲಿಯೋನ್ಸಿಯೊನನ್ನು ನೋಡಿದ್ದೇನೆ. ನಮಗೆ ಆಗತಾನೆ ಮದುವೆಯಾಗಿತ್ತು, ದೇಶದಲ್ಲಿ ಬಂಡುಕೋರರು ದಿನಕ್ಕೊಂದು ವಿದ್ಯುತ್ ಕಂಬ ಉರುಳಿಸುತ್ತಿದ್ದ ಕಾಲ. ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾದಾಗ ನೀನು ಅಂಗಿಯ ಗುಂಡಿ ಬಿಚ್ಚಿ ಒಂದು ಕೂಸನ್ನು ಎದೆಗೆ ಒತ್ತಿಕೊಂಡು ಕೂತೆ. ಆಗಿನ ನಿರ್ದೇಶಕ ಬಂದು ಇದೇನು ದನದ ಕೊಟ್ಟಿಗೆಯಾ ಎಂದು ಬೈದ. ನೀನು ಎದ್ದು ನಿಲ್ಲಲೂ ಇಲ್ಲ, “ಕರೆಂಟು ತಂದ್ಕೊಡಿ, ಇಳಿಸ್ತೀನಿ” ಅಂದೆ. ಆ ಮಾತಿಗೆ ನಾನು ಎಷ್ಟು ವರ್ಷ ನಿನ್ನ ಜೊತೆ ಬಾಳಿದೆ! ಆ ಹುಡುಗ ಎಲ್ಲಿ ಹೋದ ಎಂದು ಹುಡುಕುವುದನ್ನು ಇವತ್ತಿಗೆ ಬಿಡುತ್ತಿದ್ದೇನೆ. ಹೇಳುವಾಗ ಅಳು ಬರುತ್ತದೆ, ಬರಲಿ.

ಈಗ ಕೆಲಸದ ಮಾತು. ಗುರುವಾರ ಸಮಿತಿಯೆದುರು ನೀನೇ ಎದ್ದು ನಿಂತು ಹೇಳಬೇಕು. ಸೀಸೆಯ ವಿಷಯ, ನೀನು ಒಪ್ಪಿಗೆ ಕೊಟ್ಟ ವಿಷಯ, ಶನಿವಾರವೇ ತಿಳಿದಿದ್ದ ವಿಷಯ. ಮಕ್ಕಳ ತಂದೆತಾಯಿಯರು ಒಳಗೆ ಇರಬೇಕು. ನೆಲಿದಾ ಕೂತಿರಬೇಕು, ಅಪರಾಧಿಯ ಹಾಗೆ ನಿಂತಿರಬಾರದು. ಉಗಿದವನ ಎದುರೇ ಅವಳ ಹೆಸರು ತೊಳೆಯಬೇಕು. ನೀನು ಹೇಳದಿದ್ದರೆ ನಾನು ತಟ್ಟೆಗಳ ಜೊತೆ ಬರುತ್ತೇನೆ, ಅಷ್ಟೇ ವ್ಯತ್ಯಾಸ. ಇದನ್ನು ಬೆದರಿಕೆ ಎಂದುಕೊಂಡರೂ ನನಗೆ ಬೇಸರವಿಲ್ಲ. ನಿನಗೆ ಮೊದಲು ಹೇಳುವ ಅವಕಾಶ ಕೊಡುತ್ತಿರುವುದು ಅಂಗಿಯೊಳಗೆ ಕೂಸನ್ನಿಟ್ಟುಕೊಂಡಿದ್ದ ಆ ಹುಡುಗನಿಗೆ ಮರ್ಯಾದೆಯೆಂದು, ನಿನಗೆಂದಲ್ಲ.

ನಿನ್ನ ತಾಯಿಯ ವಿಷಯದಲ್ಲಿ ಮಾತ್ರ ನನಗೂ ಉತ್ತರ ಗೊತ್ತಿಲ್ಲ. ಹೇಗೆ ಹೇಳುವುದು, ಯಾರು ಹೇಳುವುದು? ನಾನಂತೂ ಹೇಳಲಾರೆ. ಅಂಗೈ ಒಡ್ಡಿದ ದಿನದ ಅವಳ ಮುಖ ಕಣ್ಣೆದುರಿದೆ. ಮಗನಾಗಿ ಆ ಒಂದು ಕೆಲಸವನ್ನಾದರೂ ನೀನು ಮಾಡು.

ಇತಿ,
ಇನ್ನೊಮ್ಮೆ ನಿನಗೆ ಬರೆಯುವ ಅಗತ್ಯ ಬಾರದಿರಲಿ ಎಂದು ಹಾರೈಸುವ
ಒತೀಲಿಯಾ ಮೆರಿನೊ
ಪ್ರಯೋಗಾಲಯ

ವಿ.ಸೂ.: ಕಾಗದ ಮಡಿಸಿ ಲಕೋಟೆಗೆ ಹಾಕುವಾಗ ಬಾಗಿಲು ತಟ್ಟಿದ ಸದ್ದಾಯಿತು. ನಿನ್ನ ತಾಯಿ. ಆ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ಒಬ್ಬಳೇ ಬಂದಿದ್ದಳು. ನಾನು ಕುರ್ಚಿ ಕೊಟ್ಟರೆ ಕೂರಲಿಲ್ಲ.

“ಅವತ್ತು ನೀನು ನೀರನ್ನ ತಲೆಗೆ ಹಚ್ಕೊಳ್ಳಲಿಲ್ಲ ಮಗಳೇ, ಮುಷ್ಟಿ ಬಿಗಿದು ಓಡಿದೆ. ಖುಷೀಲಿ ನಂಗೆ ಹೊಳೀಲಿಲ್ಲ. ಆಮೇಲೆ ಇವನು ಬಣ್ಣ ಹೊಡೀತಿದಾರೆ ಅಂದ. ಇವತ್ತು ಮೇಲೆ ಹೋಗಿ ನೋಡಿದೆ, ಬಣ್ಣದ ವಾಸನೇನೇ ಇಲ್ಲ. ಬಾಗಿಲಲ್ಲಿ ಕೂತಿರೋ ಆ ಹುಡುಗಿ ನನ್ನ ಕೈಲಿರೋ ಸೀಸೇನ ಹಾವು ನೋಡಿದ ಹಾಗೆ ನೋಡಿದ್ಲು. ಏನಿದೆ ಇದ್ರಲ್ಲಿ? ಹೇಳು.”

ಹೇಳಲಾರೆ ಎಂದು ಮೇಲೆ ಬರೆದಿದ್ದೇನಲ್ಲ, ಹೇಳಿದೆ. ಮಗುವಿನ ರಕ್ತದ ತಟ್ಟೆ, ಅವಳು ಹಾಕಿದ ನೀರಿನ ತಟ್ಟೆ, ಎರಡನ್ನೂ ಪಕ್ಕಪಕ್ಕ ಇಟ್ಟೆ. ಅವಳ ಎದೆ ನಿಲ್ಲಲಿಲ್ಲ, ಲಿಯೋನ್ಸಿಯೊ. ನಾನು ನಾಡಿ ಹಿಡಿದೇ ನಿಂತಿದ್ದೆ. ಒಂಬತ್ತು ಮನೆಗಳ ಹೆಸರನ್ನೂ ಒಂದೂ ಬಿಡದೆ ಹೇಳಿದಳು. ಆಮೇಲೆ ಗುರುವಾರ ತಾನೇ ಬಂದು ಹೇಳುತ್ತೇನೆ ಅಂದಳು. ಅದಕ್ಕೂ ಮೊದಲು, ಇವತ್ತೇ, ನೆಲಿದಾಳ ಮನೆಗೆ ನಡೆದು ಹೋಗುತ್ತಾಳಂತೆ.

ನನ್ನನ್ನು ಅವಳು ಕೇಳಿದ್ದು ಒಂದೇ. “ಇದು ಲಿಯೋನ್ಸಿಯೊಗೆ ಗೊತ್ತಿತ್ತಾ?” ಶನಿವಾರದಿಂದ ಗೊತ್ತು ಅಂದೆ. ಅವಳು ನಂಬಲಿಲ್ಲ. “ನಿಂಗೆ ಅವನ ಮೇಲೆ ಹಳೇ ದ್ವೇಷ” ಅಂದಳು. ನಿನ್ನ ಬಾಯಿಂದಲೇ ಕೇಳಬೇಕಂತೆ, ಅದಕ್ಕೇ ಈ ಕಾಗದ ತಲುಪಿಸುವ ಕೆಲಸ ಅವಳೇ ವಹಿಸಿಕೊಂಡಳು. ನೀನು ಓದಿ ಮುಗಿಸುವುದನ್ನೇ ಕಾಯುತ್ತಾ ನಿನ್ನ ಮೇಜಿನ ಆ ಕಡೆ ನಿಂತಿದ್ದಾಳೆ. ತಲೆ ಎತ್ತಿ ಹೇಳು.